ಬಾಳಕ್ಕನ ಅಂಟಿನ ಉಂಡಿ

14 ಡಿಸೆಂಬರ್ 1934, ಶುಕ್ರವಾರ

ಹೆತ್ತು ಇವತ್ತಿಗೆ ಏಳು ದಿನ. ಹೊರಸಿನ ಕೆಳಗೆ ಕೆಂಡ, ತಲೆಗೆ ಸುತ್ತಿದ ಬಟ್ಟೆ, ಕಿವಿಯಲ್ಲಿ ಅರಳೆ, ಕಿಟಕಿಗೆ ಗೋಣಿತಟ್ಟು. ನಾನು ಬಾಣಂತಿಯೋ, ಹಣ್ಣಾಗಲೆಂದು ಮುಚ್ಚಿಟ್ಟ ಬಾಳೆಗೊನೆಯೋ ಎಂದು ನನಗೇ ಅನುಮಾನ. ಅಪ್ಪ ನಿನ್ನೆ ಗೋಕಾಕದಿಂದ ಬಂದು ಮೊಮ್ಮಗಳ ಮುಖ ನೋಡಿ ಹೋದರು. ಸಾಲಿ ಮಾಸ್ತರರ ಬುದ್ಧಿ ಎಲ್ಲಿ ಹೋಗುತ್ತದೆ, ಕೂಸಿಗೆ ಕುಂಚಿಗೆ ತರುವುದು ಬಿಟ್ಟು ನನಗೊಂದು ವಹಿ ತಂದರು. ಹೊತ್ತು ಹೋಗದಿದ್ದಾಗ ಬರೆ ಎಂದರು. ಅತ್ತೆಯವರಿಗೆ ಓದು ಬರುವುದಿಲ್ಲ. ಇವರಿಗೆ ಹೊಲ, ಎತ್ತು, ಮೂಡಲಗಿ ಸಂತೆ ಬಿಟ್ಟರೆ ಬೇರೆ ಯಾವುದರ ಮೇಲೂ ಕಣ್ಣಿಲ್ಲ. ಹಾಗಾಗಿ ಇದರಲ್ಲಿ ಖರೆ ಬರೆಯಬಹುದು.

ಅವ್ವ ತೀರಿಕೊಂಡು ನಾಲ್ಕು ವರ್ಷವಾಯಿತು. ಅದಕ್ಕೇ ಚೊಚ್ಚಲ ಬಾಣಂತನವೂ ಗಂಡನ ಮನೆಯಲ್ಲಿ. ಆದರೆ ಅವ್ವ ಇದ್ದಿದ್ದರೂ ಬಾಳಕ್ಕನಷ್ಟು ಮಾಡುತ್ತಿದ್ದಳೋ ಇಲ್ಲವೋ. ಬಾಳಕ್ಕ ನಮ್ಮ ಬಾಜೂ ಮನೆಯವಳು, ಲಿಂಗಾಯತರಾಕೆ. ಗಂಡ ಸತ್ತು ಬಹಳ ವರ್ಷ, ಮಕ್ಕಳಿಲ್ಲ. ಈ ಊರಲ್ಲಿ ಯಾರೇ ಹೆರಲಿ, ಎಣ್ಣೆ ಹಚ್ಚಿ ಎರೆಯುವುದಕ್ಕೂ ಅಂಟಿನ ಉಂಡಿ ಕಟ್ಟುವುದಕ್ಕೂ ಅವಳೇ ಬೇಕು. ನಮ್ಮ ಮನೆಗಂತೂ ಸ್ನಾನ ಮಾಡಿ ಮಡಿಯಲ್ಲಿ ಬಂದು, ನಮ್ಮದೇ ಒಲೆಯ ಮೇಲೆ ನಮ್ಮದೇ ತುಪ್ಪದಲ್ಲಿ ಜಾಲಿಮರದ ಅಂಟು ಹುರಿದು ಕಟ್ಟಿಕೊಟ್ಟಳು. ಅಷ್ಟಾದ ಮೇಲೇ ಅತ್ತೆಯವರು ಒಪ್ಪಿದ್ದು.

ಈಗ ಖರೆ ಬರೆಯುತ್ತೇನೆ. ನನಗೆ ಹಾಲು ಸಾಲುತ್ತಿಲ್ಲ. ಬೆಳ್ಳುಳ್ಳಿ ತಿಂದರೆ ಹಾಲು ಬರುತ್ತದೆಂದು ತವರಿನಲ್ಲಿ ಕೇಳಿದ್ದೆ. ಗೋಕಾಕದಲ್ಲಿ ನಾವು ಜೈನರಾದರೂ ಅಡಿಗೆಗೆ ಹಾಕುತ್ತಿದ್ದೆವು. ಇಲ್ಲಿ ಅದರ ಹೆಸರನ್ನೂ ಎತ್ತುವ ಹಾಗಿಲ್ಲ. ಅತ್ತೆಯವರು ಮುನಿಗಳ ಮುಂದೆ ನೇಮ ಹಿಡಿದವರು. ಗಡ್ಡೆ ಯಾವುದೂ ಹೊಸ್ತಿಲು ದಾಟಕೂಡದು, ಹೊತ್ತು ಮುಳುಗಿದ ಮೇಲೆ ಯಾರೂ ಬಾಯಾಡಿಸಕೂಡದು. ಹೋದ ವರ್ಷ ಇವರು ಮೂಡಲಗಿಯಲ್ಲಿ ಉಳ್ಳಾಗಡ್ಡಿ ಭಜಿ ತಿಂದರೆಂದು ಯಾರೋ ಹೇಳಿದ್ದಕ್ಕೆ ಅತ್ತೆಯವರು ಮೂರು ದಿನ ಅನ್ನ ಬಿಟ್ಟು ಕೂತಿದ್ದರು. ಮಗನಿಗೇ ಹೀಗಾದರೆ ಸೊಸೆಯ ಗತಿ ಏನು?

ಬಾಳಕ್ಕನನ್ನು ನಾನೇ ಕೇಳಿದೆ. ಅವಳು ಒಪ್ಪಲಿಲ್ಲ. "ಬ್ಯಾಡ ತಂಗಿ, ನಿಮ್ಮ ನೇಮಕ್ಕ ಬರೂದಿಲ್ಲ. ನಾಳೆ ತಿಳದ್ರ ನನ್ನ ಕೂಡ ನಿನ್ನೂ ಹೊರಗ ಹಾಕ್ತಾರ" ಎಂದಳು. ನಾನು ಬಿಡಲಿಲ್ಲ. ಅತ್ತು ಕರೆದು, ಕೂಸಿನ ಬಡಕಲು ಕೈ ತೋರಿಸಿದೆ. ನಿನ್ನೆಯಿಂದ ಅವಳ ಮನೆಯಲ್ಲೇ ತುಪ್ಪದಲ್ಲಿ ಬೆಳ್ಳುಳ್ಳಿ ಹುರಿದು, ಉಂಡಿಯ ನಡುವೆ ಇಟ್ಟು ಕಟ್ಟಿ, ಉಡಿಯಲ್ಲಿ ಮುಚ್ಚಿ ತರುತ್ತಿದ್ದಾಳೆ. ದಿನಕ್ಕೆ ಎರಡು.

19 ಡಿಸೆಂಬರ್, ಬುಧವಾರ

ಎದೆ ತುಂಬಿ ಬಂದಿದೆ. ಕೂಸು ಕುಡಿದು ಕುಡಿದು ಬಾಯಂಚಿನಲ್ಲಿ ಹಾಲು ಸುರಿಸುತ್ತ ಮಲಗುತ್ತದೆ. ಅತ್ತೆಯವರು ಇದೆಲ್ಲ ತಮ್ಮ ನೇಮದ ಪುಣ್ಯ ಎಂದು ಬಂದವರಿಗೆಲ್ಲ ಹೇಳುತ್ತಿದ್ದಾರೆ. ಬಾಳಕ್ಕ ನನ್ನ ಬೆನ್ನಿಗೆ ಎಣ್ಣೆ ತಿಕ್ಕುತ್ತ ನಗು ತಡೆಯಲಾರದೆ ಕೆಮ್ಮಿದಳು. ನನಗೂ ಕೆಮ್ಮು ಬಂತು.

ಮಧ್ಯಾಹ್ನ ಓಣಿಯ ಕಾಶೆವ್ವ ಬಂದಿದ್ದಳು. ಅವಳ ಮಗಳು ಹೆತ್ತು ಎರಡು ತಿಂಗಳಾದರೂ ಮೈ ಹಿಡಿಯುತ್ತಿಲ್ಲ, ಅನ್ನ ಸೇರುತ್ತಿಲ್ಲ. ಬಾಳಕ್ಕನೇ ಆ ಬಾಣಂತನವನ್ನೂ ಮಾಡಿದ್ದು. ಕಾಶೆವ್ವ ಬಾಗಿಲ ಕಡೆ ನೋಡಿಕೊಂಡು, ದನಿ ಇಳಿಸಿ ಅತ್ತೆಯವರಿಗೆ ಹೇಳಿದಳು: "ಬಾಳವ್ವ ಮದ್ದ ಹಾಕ್ಯಾಳ್ರಿ. ಹುಕ್ಕೇರಿ ಕಡಿಂದ ಯಲ್ಲಪ್ಪನ್ನ ಕರಿಸಿ ತಗಸಿದ್ವಿ. ನಾ ಕಣ್ಣಾರೆ ನೋಡೇನಿ."

ಮದ್ದು ಎಂದರೆ, ತಿನ್ನುವುದರಲ್ಲಿ ಬೇರು, ಕೂದಲು, ಏನೇನೋ ಕೂಡಿಸಿ ತಿನ್ನಿಸುವುದಂತೆ. ಅದು ಹೊಟ್ಟೆಯಲ್ಲಿ ಗಂಟಾಗಿ ಕೂತು ತಿಂದವರನ್ನು ಒಣಗಿಸುತ್ತದಂತೆ. ಯಲ್ಲಪ್ಪ ಕಷಾಯ ಕುಡಿಸಿ, ವಾಂತಿ ಮಾಡಿಸಿ ಅದನ್ನು ತೆಗೆಯುತ್ತಾನಂತೆ. ಮಕ್ಕಳಿಲ್ಲದವಳು ಹೆತ್ತವರನ್ನು ಕಂಡು ಹೊಟ್ಟೆಕಿಚ್ಚಿಗೆ ಹಾಕುತ್ತಾಳಂತೆ. ಮುಲ್ಕಿ ಪರೀಕ್ಷೆ ಪಾಸಾದ ನಾನು ಇದನ್ನು ಕೇಳಿ ನಗದೆ ಏನು ಮಾಡಲಿ? ಹಾಗಿದ್ದರೆ ಈ ಊರಿನ ಎಲ್ಲ ತಾಯಂದಿರೂ ಇಷ್ಟೊತ್ತಿಗೆ ಒಣಗಿ ಸೌದೆಯಾಗಿರಬೇಕಿತ್ತು ಎಂದೆ. ಕಾಶೆವ್ವನ ಮುಖ ದಪ್ಪಗಾಯಿತು. ಅತ್ತೆಯವರು ನಗಲಿಲ್ಲ.

27 ಡಿಸೆಂಬರ್, ಗುರುವಾರ

ಬಾಳಕ್ಕ ಬಂದು ನಾಲ್ಕು ದಿನವಾಯಿತು. ಬಂದಿಲ್ಲ ಎನ್ನುವುದಕ್ಕಿಂತ ಅತ್ತೆಯವರು ಬರಗೊಟ್ಟಿಲ್ಲ. ಬೈಯಲಿಲ್ಲ, ಜಗಳವಾಡಲಿಲ್ಲ. ಇನ್ನು ಮೇಲೆ ನಾನೇ ಎರೆಯುತ್ತೇನೆ ಎಂದು ಬಾಗಿಲಲ್ಲೇ ನಿಂತು ಹೇಳಿ ಕಳುಹಿಸಿದರಂತೆ. ಅತ್ತೆಯವರ ಕೈ ಎಷ್ಟು ಬಿರುಸು ಎಂದರೆ, ಅವರು ನನ್ನ ಬೆನ್ನು ತಿಕ್ಕುತ್ತಾರೋ ತಾಮ್ರದ ಹಂಡೆ ತಿಕ್ಕುತ್ತಾರೋ ತಿಳಿಯುವುದಿಲ್ಲ.

ಉಂಡಿಯಿಲ್ಲದೆ ಹಾಲು ಮತ್ತೆ ಇಳಿದಿದೆ. ಕೂಸು ಅಳುತ್ತದೆ. ಅದು ಅತ್ತಾಗಲೆಲ್ಲ ಅತ್ತೆಯವರು ನನ್ನನ್ನೇ ನೋಡುತ್ತಾರೆ, ನನ್ನ ಹೊಟ್ಟೆಯೊಳಗೆ ಏನಿದೆ ಎಂದು ಹುಡುಕುವ ಹಾಗೆ. ಬೆಳ್ಳುಳ್ಳಿ ನಿಂತದ್ದಕ್ಕೆ ಹಾಲು ನಿಂತಿತು ಎಂದು ಯಾರ ಮುಂದೆ ಹೇಳಲಿ? ಬಾಯಿಯಿದ್ದೂ ಮೂಕಿಯಾದೆ.

ಇವತ್ತು ಮಧ್ಯಾಹ್ನ ಅತ್ತೆಯವರು ಬಸದಿಗೆ ಹೋದಾಗ ಬಾಳಕ್ಕ ಹಿತ್ತಲ ಕಿಟಕಿಯ ಗೋಣಿತಟ್ಟು ಸರಿಸಿ ಒಂದು ಗಂಟು ಒಳಗೆ ಹಾಕಿದಳು. ಬಟ್ಟೆಯಲ್ಲಿ ಹತ್ತು ಉಂಡಿ. ಒಲೆಯ ಮುಂದೆ ಕೂತಿದ್ದಳೋ ಏನೋ, ಕಣ್ಣು ಕೆಂಪಾಗಿದ್ದವು. ದಿನಕ್ಕೊಂದು ತಿನ್ನು ಎಂದಳು. ಜನ ಅವಳನ್ನು ನೋಡಿ ದಾರಿ ಬಿಟ್ಟು ನಡೆಯುತ್ತಾರಂತೆ, ಮಕ್ಕಳನ್ನು ಒಳಗೆ ಎಳೆದುಕೊಳ್ಳುತ್ತಾರಂತೆ. ಹೇಳುವಾಗ ಅವಳೇ ನಕ್ಕಳು. ನನಗೆ ನಗಲಾಗಲಿಲ್ಲ.

2 ಜನವರಿ 1935, ಬುಧವಾರ

ಚಾವಡಿಯಲ್ಲಿ ಹಿರಿಯರು ಕೂಡಿದ್ದರು. ಕಾಶೆವ್ವನ ಕಡೆಯವರು ಬಾಳಕ್ಕನನ್ನು ಊರು ಬಿಡಿಸಬೇಕು ಎಂದರಂತೆ. ಗೌಡರು, ಒಂದೇ ಮನೆಯ ಮಾತಿನ ಮೇಲೆ ಹೆಂಗಸೊಬ್ಬಳನ್ನು ಹೊರಗೆ ಹಾಕುವುದು ಸರಿಯಲ್ಲ, ಇನ್ನೊಬ್ಬರ ಹೊಟ್ಟೆಯಿಂದಲೂ ಬಂದರೆ ನೋಡೋಣ ಎಂದರಂತೆ. ಇವರು ಊಟ ಮಾಡುತ್ತ ಇದನ್ನೆಲ್ಲ ಹೇಳಿದರು.

ನನಗೆ ಒಂದು ಯೋಚನೆ ಹೊಳೆಯಿತು. ಈ ಊರಲ್ಲಿ ಅವಳ ಕೈ ಉಂಡಿ ನನ್ನಷ್ಟು ತಿಂದವರು ಯಾರೂ ಇಲ್ಲ. ಯಲ್ಲಪ್ಪ ಬರಲಿ, ಅವನ ಕಷಾಯ ಕುಡಿಯುತ್ತೇನೆ, ಊರ ಮುಂದೆ ವಾಂತಿ ಮಾಡುತ್ತೇನೆ. ಬರೀ ನೀರು ಬರುತ್ತದೆ. ಅಲ್ಲಿಗೆ ಎಲ್ಲರ ಬಾಯಿ ಮುಚ್ಚುತ್ತದೆ, ಬಾಳಕ್ಕ ನೆಟ್ಟಗೆ ನಮ್ಮ ಬಾಗಿಲಿಗೆ ಬರುತ್ತಾಳೆ. ಹೇಳಿದೆ. ಅತ್ತೆಯವರು ತಕ್ಷಣ ಒಪ್ಪಿದರು. ಇವರು ಹಸಿ ಬಾಣಂತಿ ಎಂದು ಸ್ವಲ್ಪ ತಡವರಿಸಿ, ಆಮೇಲೆ ತಾಯಿಯ ಮುಖ ನೋಡಿ ಸುಮ್ಮನಾದರು.

ಶನಿವಾರ ಎಳ್ಳ ಅಮಾವಾಸ್ಯೆ. ಅವತ್ತೇ ಕೊಡುತ್ತಾನಂತೆ. ಹಿಂದಿನ ದಿನ ಹೊತ್ತು ಮುಳುಗುವುದರೊಳಗೆ ಉಂಡು, ಆಮೇಲೆ ಬರೀ ಹೊಟ್ಟೆಯಲ್ಲಿರಬೇಕು. ನಮ್ಮ ಮನೆಯಲ್ಲಿ ಅದೇನು ಹೊಸದೇ?

5 ಜನವರಿ, ಶನಿವಾರ

ಅಮಾವಾಸ್ಯೆ. ಬರೆಯಲಾರೆ.

6 ಜನವರಿ, ಭಾನುವಾರ

ನನ್ನ ಬುದ್ಧಿಗೆ ಬೆಂಕಿ ಹಾಕಬೇಕು.

ಬೆಳಗಿನ ಜಾವ ಕೂಸಿಗೆ ಹಾಲು ಕೊಡುವಾಗ ಹಸಿವೆ ತಡೆಯಲಾಗಲಿಲ್ಲ. ಹಾಲುಣಿಸುವವಳ ಹಸಿವೆ ಏನೆಂದು ಯಲ್ಲಪ್ಪನಿಗೇನು ಗೊತ್ತು. ದಿಂಬಿನ ಕೆಳಗೆ ಕಡೆಯದೊಂದು ಉಂಡಿ ಇತ್ತು. ಕತ್ತಲೆಯಲ್ಲಿ ಸರಿಯಾಗಿ ಅಗಿಯದೆ ನುಂಗಿದೆ.

ಯಲ್ಲಪ್ಪ ಪಡಸಾಲೆಯಲ್ಲಿ ಕೂತಿದ್ದ. ಕಾಶೆವ್ವ, ಗೌಡರು, ಅರ್ಧ ಓಣಿ ಅಲ್ಲೇ. ಬಾಳಕ್ಕನನ್ನು ಅಂಗಳದಲ್ಲಿ ನಿಲ್ಲಿಸಿದ್ದರು. ಅವಳು ನನ್ನನ್ನು ನೋಡಿ, ಹೆದರಬೇಡ ಎನ್ನುವ ಹಾಗೆ ಕತ್ತು ಆಡಿಸಿದಳು. ಬೇವು, ಇಂಗು, ಇನ್ನೇನೋ ಎಲೆಯ ರಸ. ಇಡೀ ಮನೆ ಇಂಗಿನ ನಾತ ಹೊಡೆಯುತ್ತಿತ್ತು. ಎರಡು ಗುಟುಕಿಗೆ ಕರುಳೇ ಬಾಯಿಗೆ ಬಂತು. ಯಲ್ಲಪ್ಪ ಬೂದಿ ಹರಡಿದ ಮೊರದ ಮೇಲೆ ನನ್ನ ತಲೆ ಒತ್ತಿ ಹಿಡಿದಿದ್ದ. ಕಡ್ಡಿಯಿಂದ ಕೆದಕಿ, ಒಂದು ಗಂಟನ್ನು ಎತ್ತಿ ಎಲೆಯ ಮೇಲಿಟ್ಟ.

ಉಬ್ಬಿದ ಅಂಟು. ಅದರೊಳಗೆ ಬೆಳ್ಳಗೆ ಒಂದು ಎಸಳು. ಅದಕ್ಕೆ ಸುತ್ತಿದ ಒಂದು ಉದ್ದ ಕೂದಲು, ನನ್ನದೇ ಇರಬೇಕು, ಹೆತ್ತ ಮೇಲೆ ಹಿಡಿ ಹಿಡಿಯಾಗಿ ಉದುರುತ್ತಿದೆ. "ನೋಡ್ರಿ, ಅಂಟು, ಗಡ್ಡಿ, ಕೂದಲಾ. ಮೂರೂ ಅದಾವು" ಎಂದ. ಅವನು ಸುಳ್ಳು ಹೇಳಲಿಲ್ಲ. ಮೂರೂ ಇದ್ದವು.

ಅತ್ತೆಯವರು ಎದೆ ಬಡಿದುಕೊಂಡು ಗೌಡರಿಗೆ ಹೇಳಿದರು: "ನನ್ನ ಮನಿಯಾಗ ಇಪ್ಪತ್ತು ವರ್ಷದಿಂದ ಗಡ್ಡಿ ಬಂದಿಲ್ರಿ. ಈ ಗಡ್ಡಿ ಎಲ್ಲಿಂದ ಬಂತು?"

ನಾನು ಹೇಳಬೇಕಾಗಿತ್ತು. ಅದು ಬೆಳ್ಳುಳ್ಳಿ, ನಾನೇ ಬೇಡಿ ತಿಂದದ್ದು, ಹೊತ್ತು ಮೂಡುವುದಕ್ಕೆ ಮೊದಲೇ ತಿಂದದ್ದು ಎಂದು. ಒಂದೇ ಮಾತು. ಬಾಯಿ ತೆರೆದೆ, ಮತ್ತೆ ವಾಂತಿ ಬಂತು. ಆಮೇಲೆ ಬಾಯಿ ತೊಳೆದುಕೊಂಡೆ, ನೀರು ಕುಡಿದೆ, ಬಂದು ಮಲಗಿದೆ. ಅಷ್ಟರಲ್ಲಿ ಹೇಳುವುದಕ್ಕೆ ಎಷ್ಟು ಹೊತ್ತಿತ್ತು ಎಂದು ಈಗ ಲೆಕ್ಕ ಹಾಕುತ್ತಿದ್ದೇನೆ.

ನಾನು ಇನ್ನೂ ಪಡಸಾಲೆಯಲ್ಲಿದ್ದಾಗಲೇ ಗೌಡರು ಬಾಳಕ್ಕನನ್ನು ಏನು ತಿನ್ನಿಸಿದೆ ಎಂದು ಕೇಳಿದರು. ಅಂಟಿನ ಉಂಡಿ ಎಂದಳು. ಒಳಗೆ ಏನಿತ್ತು ಎಂದರು. ಅವಳು ನನ್ನ ಕಡೆ ನೋಡಿದಳು, ಆಮೇಲೆ ನೆಲ ನೋಡಿದಳು, ಮಾತಾಡಲಿಲ್ಲ. ನನ್ನ ಮಾನ ಉಳಿಸಿದಳು. ದೇವರಂಥವಳು. ನಾಳೆ ಇವರ ಮುಂದೆ ಎಲ್ಲ ಹೇಳಿಬಿಡುತ್ತೇನೆ.

8 ಜನವರಿ, ಮಂಗಳವಾರ

ಹಾಲು ಪೂರಾ ನಿಂತುಹೋಗಿದೆ. ಹಾಳು ಕಷಾಯ ಮೈಯ ನೀರನ್ನೆಲ್ಲ ಹೀರಿಕೊಂಡಿತು. ಕೂಸಿಗೆ ಆಕಳ ಹಾಲಿಗೆ ನೀರು ಬೆರೆಸಿ ಅರಳೆಯಲ್ಲಿ ಹಿಂಡುತ್ತಿದ್ದೇವೆ. ಅದಕ್ಕೆ ಭೇದಿ ಹತ್ತಿದೆ. ಮೈ ಕೆಂಡದಂತೆ ಸುಡುತ್ತಿದೆ.

ಇವರ ಮುಂದೆ ಮಾತು ತೆಗೆದೆ. ಹೊಟ್ಟೆಯಿಂದ ಬಂದದ್ದು ನಾನೇ ತಿಂದದ್ದೇನಾದರೂ ಆಗಿದ್ದರೆ ಎಂದೆ. ಇವರು ಕೂಸಿನ ಹಣೆ ಮುಟ್ಟಿ ನೋಡುತ್ತಿದ್ದರು. ತಲೆ ಎತ್ತಲಿಲ್ಲ. "ಮುಗದದ್ದನ್ನ ಕೆದಕಬ್ಯಾಡ. ಅವ್ವ ಅನ್ನ ಬಿಟ್ರ ಈ ಸರ್ತಿ ಉಳಿಯೂದಿಲ್ಲ" ಎಂದರು. ಹಾಗಾದರೆ ಇವರಿಗೆ ಅನುಮಾನ ಬಂದಿದೆಯೇ? ಕೇಳುವ ಧೈರ್ಯವಾಗಲಿಲ್ಲ. ಕೂಸಿಗೆ ಸ್ವಲ್ಪ ಇಳಿಯಲಿ, ಆಮೇಲೆ ಹೇಳಿದರಾಯಿತು.

10 ಜನವರಿ, ಗುರುವಾರ

ಜ್ವರ ಇಳಿದಿಲ್ಲ. ಕೂಸು ಅಳುವುದನ್ನೂ ನಿಲ್ಲಿಸಿದೆ. ಅದು ಅತ್ತರೆ ಸಾಕು ಎಂದು ಕಿವಿಯ ಅರಳೆ ತೆಗೆದು ಕೂತಿದ್ದೇನೆ.

ಬಾಳವ್ವನಿಗೆ ಬಾವಿ ಬಂದ್ ಮಾಡಿದ್ದಾರೆ. ಯಾರೂ ಬೆಂಕಿ ಕೊಡಬಾರದು, ಬೀಸುವ ಕಲ್ಲು ಮುಟ್ಟಗೊಡಬಾರದು. ಅಮಾವಾಸ್ಯೆಯಿಂದ ಎಂಟು ದಿನ ಕೊಟ್ಟಿದ್ದಾರೆ, ತಾನಾಗಿ ಹೋದರೆ ಸರಿ. ಅವಳು ಹೋಗುತ್ತಿಲ್ಲ. ನಿನ್ನೆ ಯಾರೋ ಅವಳ ಬಾಗಿಲಿಗೆ ಕಲ್ಲು ಹೊಡೆದರು. ಗೋಡೆಯ ಆಚೆಯಿಂದ ಸದ್ದು ಕೇಳಿಸಿತು. ಕೂಸು ಬೆಚ್ಚಿಬಿತ್ತು. ಹೋಗಿಬಿಟ್ಟರೆ ಅವಳಿಗೂ ನೆಮ್ಮದಿ, ನಮಗೂ.

12 ಜನವರಿ, ಶನಿವಾರ

ಅತ್ತೆಯವರು ಯಲ್ಲಪ್ಪನಿಂದ ದಾರ ತರಿಸಿ ಕೂಸಿನ ಸೊಂಟಕ್ಕೆ ಕಟ್ಟಿದರು. ನಾನು ಬೇಡವೆನ್ನಲಿಲ್ಲ. ಕಟ್ಟಿದರೆ ಹೋಗುವುದೇನಿದೆ?

ಒಂದು ಮಾತು ಮೂರು ದಿನದಿಂದ ತಲೆಯಲ್ಲಿ ಕೊರೆಯುತ್ತಿದೆ. ಬೆಳ್ಳುಳ್ಳಿಯೇ ಆಗಿದ್ದರೆ ಬಾಳವ್ವ ಯಾಕೆ ಹೇಳಲಿಲ್ಲ? ಊರೇ ಮೈಮೇಲೆ ಬಂದಾಗ, ಮನೆ ಹೋಗುವಾಗ, ಹೇಳದೆ ನಿಲ್ಲುವವರು ಯಾರಿರುತ್ತಾರೆ? ನನಗಾಗಿ ಎಂದು ನಾನು ಅಂದುಕೊಂಡೆ. ನಾನು ಅವಳಿಗೆ ಏನಾಗಬೇಕು? ಹೊಟ್ಟೆಯಲ್ಲಿ ಹುಟ್ಟಿದ ಮಗಳೇ? ಕೆದಕಿದರೆ ಇನ್ನೂ ಏನಾದರೂ ಹೊರಬೀಳುತ್ತದೆಂದು ಸುಮ್ಮನಿರಬಹುದು.

ಹುರಿದ ಬೆಳ್ಳುಳ್ಳಿ ಕೆಂಪಗಿರುತ್ತದೆ. ಎಲೆಯ ಮೇಲಿದ್ದದ್ದು ಬೆಳ್ಳಗಿತ್ತು. ಕಣ್ಣಾರೆ ನೋಡಿದ್ದೇನೆ.

15 ಜನವರಿ, ಮಂಗಳವಾರ

ದೇವರು ಕಣ್ಣು ತೆರೆದ. ಕೂಸಿನ ಜ್ವರ ಬಿಟ್ಟಿತು. ಬೆಳಿಗ್ಗೆ ಕಣ್ಣು ಬಿಟ್ಟು ದೀಪ ನೋಡಿತು, ಅರಳೆಯನ್ನು ಜಗ್ಗಿ ಚೀಪಿತು. ನನ್ನ ಎದೆಯಲ್ಲೂ ಸ್ವಲ್ಪ ಸ್ವಲ್ಪ ಹಾಲು ಬರುತ್ತಿದೆ. ನಾನು ಅಳುತ್ತ ಕೂತಿದ್ದೆ, ಅತ್ತೆಯವರು ನನ್ನ ತಲೆ ಸವರಿದರು. ಮದುವೆಯಾಗಿ ಬಂದಾಗಿನಿಂದ ಅವರು ಹಾಗೆ ಮುಟ್ಟಿದ್ದು ಇದೇ ಮೊದಲು.

ಮದ್ದು ಹೊರಗೆ ಬಿದ್ದ ಮೇಲೆ ಗುಣ ಕಾಣುವುದಕ್ಕೆ ಒಂಬತ್ತು, ಹತ್ತು ದಿನ ಬೇಕು ಎಂದು ಯಲ್ಲಪ್ಪ ಹೇಳಿದ್ದನಂತೆ. ಎಣಿಸಿದೆ. ಇವತ್ತಿಗೆ ಹತ್ತು.

ಕಾಶೆವ್ವನ ಮಗಳೂ ಎರಡು ಹೊತ್ತು ಉಣ್ಣುತ್ತಿದ್ದಾಳಂತೆ. ಪಾಪ, ಅವತ್ತು ಕಾಶೆವ್ವನ ಮುಂದೆ ಎಷ್ಟು ನಕ್ಕುಬಿಟ್ಟೆ. ಓದಿದ ಸೊಕ್ಕು ಎಂದು ಅಂದುಕೊಂಡಿರಬೇಕು. ಬಂದರೆ ಕೂರಿಸಿ ಮಾತಾಡಿಸಬೇಕು.

17 ಜನವರಿ, ಗುರುವಾರ

ಆ ಹೆಂಗಸು ಇವತ್ತು ಊರು ಬಿಟ್ಟಳು. ಗೋಕಾಕದ ಕಡೆ ಹೋದಳೆಂದು ಇವರು ಹೇಳಿದರು. ಅಲ್ಲಿ ಅವಳಿಗೆ ಯಾರೂ ಇಲ್ಲ. ಆದರೂ ಅಷ್ಟು ದೊಡ್ಡ ಪೇಟೆಯಲ್ಲಿ ಒಂದು ಹೊಟ್ಟೆಗೆ ಏನು ಕೊರತೆ.

ಹೋಗುವ ಮೊದಲು ಇಲ್ಲಿಗೆ ಬಂದಿದ್ದಳು. ಬರೆದಿಟ್ಟರೆ ಒಳ್ಳೆಯದು, ನಾಳೆ ಯಾರಾದರೂ ನನ್ನನ್ನೇ ತಪ್ಪಿತಸ್ಥಳು ಎನ್ನಬಾರದು. ಅತ್ತೆಯವರು ಬಸದಿಗೆ ಹೋಗಿದ್ದರು. ಹಿತ್ತಲ ಕಿಟಕಿಯ ಗೋಣಿತಟ್ಟು ಸರಿಯಿತು. ನಾನು ಮೊದಲು ಕೂಸಿನ ಮುಖಕ್ಕೆ ಸೆರಗು ಹಾಕಿದೆ. ಅದನ್ನು ಅವಳು ನೋಡಿದಳು. ಹಣೆಯ ಮೇಲೆ ಗಾಯವಾಗಿ ಒಣಗಿತ್ತು, ತುಟಿ ಒಡೆದಿತ್ತು. ಎಂಟು ದಿನ ಹೊಳೆಯ ನೀರು ಹೊತ್ತು ತಂದಳಂತೆ, ಬಾವಿ ಇಲ್ಲದ್ದಕ್ಕೆ.

ಅವಳು ಅಳಲಿಲ್ಲ, ಶಾಪ ಹಾಕಲಿಲ್ಲ. ಮಗಳು ಆರಾಮಿದ್ದಾಳೆಯೇ ಎಂದು ಕೇಳಿದಳು. ನಾನು ಕೂಸನ್ನು ಇನ್ನಷ್ಟು ಮಡಿಲಿಗೆ ಎಳೆದುಕೊಂಡೆ. ಅವಳ ಬಾಯಿಂದ ಕೂಸಿನ ಮಾತು ಬರುವುದೇ ನನಗೆ ಬೇಡವಾಗಿತ್ತು.

"ಊರ ಮುಂದ ಹೇಳ ಅನ್ನೂದಿಲ್ಲ ತಂಗಿ" ಎಂದಳು. "ನಿನ್ನ ಬಾಳೇವು ಕೆಡಬಾರದು. ಆದರ ಹೋಗೂ ಮುಂದ ನನಗ ಒಬ್ಬಾಕಿಗೆ ಹೇಳ. ಅದು ಬಳ್ಳೊಳ್ಳಿ ಅಂತ ನಿನಗ ಗೊತ್ತೈತಿ ಅಂತ ಹೇಳ. ಅಷ್ಟ ಕೇಳಿಕೊಂಡ ಹೋಗ್ತೇನಿ."

ಬಹಳ ಹೊತ್ತು ಕಿಟಕಿಯ ಸರಳು ಹಿಡಿದು ನಿಂತಿದ್ದಳು. ನನಗೂ ಅಯ್ಯೋ ಅನ್ನಿಸಲಿಲ್ಲ ಎಂದಲ್ಲ. ಹೇಳಿಬಿಡೋಣ ಎಂದೇ ಬಾಯಿ ತೆರೆದೆ. ಆದರೆ ಗೊತ್ತಿಲ್ಲದ್ದನ್ನು ಗೊತ್ತು ಎಂದು ಹೇಗೆ ಹೇಳಲಿ? ಉಂಡಿ ಕಟ್ಟುವಾಗ ನಾನು ಎದುರಿಗೆ ಕೂತಿದ್ದೆನೇ? ನನ್ನ ಕೂಸು ಒಂದು ವಾರ ಸಾವಿನ ಬಾಗಿಲಲ್ಲಿ ಮಲಗಿತ್ತು. ಹೆತ್ತವಳು ಕೇಳಬಾರದೇ? ಕೇಳಿದೆ.

"ಖರೆ ಹೇಳ. ಅದರಾಗ ಮತ್ತೇನ ಹಾಕಿದ್ದಿ?"

ಅವಳು ಸರಳಿನಿಂದ ಕೈ ತೆಗೆದಳು. ಆಮೇಲೆ, ಅಡಿಗೆ ಬಾರದ ಹುಡುಗಿಗೆ ಹೇಳಿಕೊಡುವವಳ ಹಾಗೆ, ನಿಧಾನವಾಗಿ ಹೇಳಿದಳು. "ಅಂಟು. ಬೆಲ್ಲ. ಕೊಬ್ಬರಿ. ತುಪ್ಪ. ಬಳ್ಳೊಳ್ಳಿ."

ಅಷ್ಟು ಹೇಳಿ ಗಂಟು ಎತ್ತಿಕೊಂಡು ಹೋದಳು. ನಾನು ಎದ್ದು ಗೋಣಿತಟ್ಟು ಸರಿಮಾಡಿ ಬಂದು, ಕೂಸಿಗೆ ಹಾಲು ಕೊಟ್ಟೆ. ಅತ್ತೆಯವರು ಬಂದಾಗ ಎಲ್ಲ ಹೇಳಿದೆ, ಬೆಳ್ಳುಳ್ಳಿಯ ಮಾತೊಂದನ್ನು ಬಿಟ್ಟು. ಸರಿಯಾಗೇ ಕೇಳಿದಿ ಎಂದರು.

ಐದೇ ಹೆಸರು ಹೇಳಿದಳು. ಆರನೆಯದನ್ನು ಕಡೆಯವರೆಗೂ ಹೇಳಲಿಲ್ಲ.